ಹನ್ನೊಂದು ದೇಶಗಳಿಗೆ ಒಬ್ಬಳೇ ಅತ್ತೆ

ನಮ್ಮ ಅತ್ತೆಗೆ ಪಾಸ್‌ಪೋರ್ಟ್ ಇಲ್ಲ. ವಿಮಾನ ನೋಡಿದ್ದಾರೆ, ಆದರೆ ಕೆಳಗೆ ನಿಂತು, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು. ಆದರೂ ಈ ಭೂಮಿಯ ಮೇಲೆ ಹನ್ನೊಂದು ದೇಶಗಳಲ್ಲಿ ಅವರಿಗೆ ಹೆದರುವ ಜನರಿದ್ದಾರೆ ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಅತ್ತೆಯ ಬೈಗುಳಗಳನ್ನು ಇಂಗ್ಲಿಷಿಗೆ ತಿರುಗಿಸಿ ಆ ಹನ್ನೊಂದು ದೇಶಗಳಿಗೂ ತಲುಪಿಸುವ ಕೆಲಸ ಆರು ವರ್ಷಗಳಿಂದ ನನ್ನದೇ ಆಗಿರುವುದರಿಂದ, ನಂಬದೆ ಬೇರೆ ದಾರಿಯೇ ಇಲ್ಲ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಗೋಕಾಕದಿಂದ ಮೂಡಲಗಿ ಕಡೆ ಹೋಗುವಾಗ ಸಿಗುವ ಹೊಳೆದಂಡೆಯ ಊರೊಂದಕ್ಕೆ ಸೊಸೆಯಾಗಿ ಹೋದವರು. ಓದಿದ್ದು ನಾಲ್ಕನೇ ಇಯತ್ತೆ. ಅವರ ಆಸ್ತಿ ಎಂದರೆ ಎರಡು ಎಕರೆ ಹೊಲ, ಒಂದು ಹಿಂಡು ಕುರಿ, ಮತ್ತು ಮಾತೇ ಆಡದ ಮಾವ. ಮಾವ ಯಾಕೆ ಮಾತಾಡುವುದಿಲ್ಲ ಎಂದು ದಯವಿಟ್ಟು ಕೇಳಬೇಡಿ. ಅತ್ತೆ ಇರುವ ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವಾದರೂ ಎಲ್ಲಿದೆ? ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಒಂದು ತಪ್ಪಿಗಾಗಿ ನಾನು ಅತ್ತೆಯ ಕೈಗೆ ಸಿಕ್ಕಿಬಿದ್ದೆ.

ಇದೆಲ್ಲ ಶುರುವಾದದ್ದು ಅರಭಾವಿಯಲ್ಲಿ. ಅಲ್ಲಿನ ತೋಟಗಾರಿಕೆ ಕಾಲೇಜಿನಲ್ಲಿ ರೈತರಿಗಾಗಿ ಏನೋ ಕಾರ್ಯಕ್ರಮವಿತ್ತು. ರಜೆಗೆಂದು ಬಂದಿದ್ದ ನನ್ನನ್ನೂ ಎಳೆದುಕೊಂಡು ಅತ್ತೆ ಹೋದರು. ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ‘ಸುಸ್ಥಿರತೆ’ಯ ಬಗ್ಗೆ ಒಂದು ಗಂಟೆ ಮಾತಾಡಿದರು. ಪ್ರಶ್ನೆ ಕೇಳಿ ಎಂದಾಗ ಸಭೆಯಲ್ಲಿ ಎದ್ದು ನಿಂತವರು ಯಾರು ಎಂದು ನಾನು ಹೇಳಬೇಕೆ?

“ಸರ, ಸುಸ್ಥಿರತೆ ಅಂದ್ರ ಏನ್ರಿ?”

ಪಾಪ, ಒಂದು ಗಂಟೆ ಅದನ್ನೇ ಹೇಳಿದ್ದ ಮನುಷ್ಯ! ಆದರೂ ತಾಳ್ಮೆಯಿಂದ ಮತ್ತೆ ಹೇಳಿದರು. ಇವತ್ತಿನ ನಮ್ಮ ಅಗತ್ಯ ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಗೆ ಕೊರತೆಯಾಗದಂತೆ ನೋಡಿಕೊಳ್ಳುವುದು, ಅಮ್ಮಾ.

“ಅಂದ್ರ ನಾಳಿಗೆ ಇಡೂದು,” ಎಂದರು ಅತ್ತೆ. “ಇಷ್ಟ ಹೇಳಾಕ ಅಷ್ಟ ಚಿತ್ರ ಯಾಕ ತೋರ್ಸಿದ್ರಿ?”

ಇಡೀ ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದಿನ ಸಾಲಿನಲ್ಲಿದ್ದ ಕೀನ್ಯಾ ದೇಶದ ತರುಣ. ಕೃಷಿ ಓದಲು ಭಾರತಕ್ಕೆ ಬಂದವನು, ಯಾರೋ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ ನಕ್ಕಿದ್ದ. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಹಿಂದೆಯೇ ಬಸ್ ಹತ್ತಿ ಅತ್ತೆಯ ಹೊಲಕ್ಕೆ ಬಂದ. ಅತ್ತೆ ಅವನಿಗೆ ರೊಟ್ಟಿ ಕೊಟ್ಟರು, ಶೇಂಗಾ ಚಟ್ನಿ ಕೊಟ್ಟರು, ಕೊನೆಗೆ ಕೈಗೊಂದು ಸಲಿಕೆ ಕೊಟ್ಟು ಗೊಬ್ಬರದ ಗುಂಡಿ ತಿರುವಲು ಹಚ್ಚಿದರು. ಅವನು ಊರಿಗೆ ಹೋಗಿ ವರ್ಷವಾದ ಮೇಲೆ ಫೋನು ಬಂತು. ಅವನಪ್ಪನೂ ಕುರಿ ಸಾಕುವವನಂತೆ. ಗುಂಡಿ ತೆಗೆದಿದ್ದಾರೆ, ನೆರೆಯವರೂ ಕಲಿಯಬೇಕೆನ್ನುತ್ತಿದ್ದಾರೆ, ಬೇರೆ ದೇಶದ ಅವನ ಗೆಳೆಯರೂ ಕೇಳುತ್ತಿದ್ದಾರೆ, ಏನು ಮಾಡಲಿ ಎಂದ.

“ಏನ್ ಮಾಡೂದು? ಸಂಘ ಮಾಡೂದು!” ಎಂದರು ಅತ್ತೆ.

ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘವನ್ನು ಹದಿನೈದು ವರ್ಷ ನಡೆಸಿದವರು ಅವರು. ಊರಿನದಾದರೇನು, ಜಗತ್ತಿನದಾದರೇನು, ಸಂಘವೆಂದರೆ ಸಂಘವೇ. ವಾರಕ್ಕೊಂದು ಸಭೆ, ಹಾಜರಿ ಪುಸ್ತಕ, ತಪ್ಪಿಸಿದವರಿಗೆ ಬೈಗುಳ! ಹೆಸರು ‘ನಾಳೆ ಸಂಘ’ ಎಂದಾಯಿತು. ಮೂಡಲಗಿಯಲ್ಲಿ ಸದಸ್ಯರನ್ನು ಸೇರಿಸಲು ಹೋದಾಗ ಅಲ್ಲಿಯ ದರ್ಜಿಯೊಬ್ಬರು ಹೆಸರು ಕೇಳಿ ಕತ್ತರಿ ಕೆಳಗಿಟ್ಟರು.

“ಅಕ್ಕಾರ, ಅಂಗಿ ಕೇಳಾಕ ಬಂದಾವ್ರಿಗೆ ನಾ ದಿನಾ ಇದನ್ನ ಹೇಳ್ತೇನಿ. ನಾಳೆ ಬರ್ರಿ ಅಂತ. ನಿಮ್ಮ ಸಂಘಕ್ಕ ನಾ ಹುಟ್ಟಿದಾಗಿಂದನ ಸದಸ್ಯ ಅದೇನಿ!”

ಅತ್ತೆ ನಗಲಿಲ್ಲ. ಆದರೆ ಅವರನ್ನು ಬಿಡಲೂ ಇಲ್ಲ. ಬಟ್ಟೆಯ ಚೂರುಗಳನ್ನು ಕಸಕ್ಕೆ ಎಸೆಯದೆ ಕೌದಿಗೆ ಕೊಡಬೇಕು, ಹಿತ್ತಲಲ್ಲಿ ಗುಂಡಿ ತೆಗೆಯಬೇಕು ಎಂಬ ಕರಾರಿನ ಮೇಲೆ ಅವರು ಮೂಡಲಗಿಯ ಮೊದಲ ಸದಸ್ಯರಾದರು.

ಸದಸ್ಯತ್ವಕ್ಕೆ ಅರ್ಜಿಯಿಲ್ಲ, ಶುಲ್ಕವಿಲ್ಲ. ಮೂರು ತಿಂಗಳು ಗೊಬ್ಬರ ಮಾಡಬೇಕು, ಆಮೇಲೆ ಕೈಯ ಫೋಟೋ ಕಳಿಸಬೇಕು. ಗೊಬ್ಬರದ್ದಲ್ಲ, ಕೈಯದು! “ಗೊಬ್ಬರಾ ಯಾರದರೆ ತೋರ್ಸಬಹುದು. ಕೈ ಸುಳ್ಳ ಹೇಳೂದಿಲ್ಲ,” ಎಂಬುದು ಅತ್ತೆಯ ವಾದ.

ಈ ಪರೀಕ್ಷೆಯಲ್ಲಿ ನಪಾಸಾಗಿ ಹೆಸರಾದವರು ಜರ್ಮನಿಯ ಒಬ್ಬ ಪ್ರೊಫೆಸರು. ಪರಿಸರದ ವಿಷಯದಲ್ಲೇ ಡಾಕ್ಟರೇಟು. ತಮ್ಮ ಸಾಧನೆಗಳ ಪಟ್ಟಿಯನ್ನು ಹದಿನಾಲ್ಕು ಪುಟ ಕಳಿಸಿದ್ದರು. ಅತ್ತೆ ಶೇಂಗಾ ಸುಲಿಯುತ್ತ ಕೂತಿದ್ದರು, ನಾನು ಅರ್ಧ ಗಂಟೆ ಅದನ್ನು ಓದಿ ಹೇಳಿದೆ. ಎಲ್ಲ ಕೇಳಿ ಅತ್ತೆ ಅಂದರು:

“ಭಾಳ ಛಲೋ ಐತಿ. ಗುಂಡಿ ಎಲ್ಲೈತಿ?”

“ಅತ್ತಿ, ಅವರು ನಾಕನೇ ಅಂತಸ್ತಿನಾಗ ಇರ್ತಾರರಿ. ಗುಂಡಿ ಎಲ್ಲಿ ತೆಗೀಬೇಕು?”

“ಬಕೀಟ ಇಲ್ಲೇನ ಅವರ ದೇಶದಾಗ?”

ಪ್ರೊಫೆಸರು ಬಕೆಟ್ಟಿನಲ್ಲಿ ಗೊಬ್ಬರ ಮಾಡಿ, ಮೂರು ತಿಂಗಳಿಗೆ ಸರಿಯಾಗಿ ಫೋಟೋ ಕಳಿಸಿದರು. ಅತ್ತೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಕೈಚೀಲ ಹಾಕ್ಕೊಂಡಾನ. ನಪಾಸ!” ಅವು ಕೈಗವಸುಗಳು. ನಪಾಸೆಂದು ಆ ಪ್ರೊಫೆಸರಿಗೆ ನಾನು ಹೇಗೆ ತಿಳಿಸಲಿ? ತಿಳಿಸಿದೆ. ಆ ದೊಡ್ಡ ಮನುಷ್ಯ ಮರುಮಾತಾಡದೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡನೆಯ ಸಲ ಪಾಸಾದಾಗ ಅವರು ಕಳಿಸಿದ ಸಂದೇಶ ಇಷ್ಟೇ: “ಡಾಕ್ಟರೇಟ್ ಇದಕ್ಕಿಂತ ಸುಲಭವಿತ್ತು.” ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ. “ಇರಬೇಕ ಬಿಡು,” ಎಂದರು, ಸಹಜವಾಗಿ.

ಗುರುವಾರ ಸಂಜೆ ಏಳಕ್ಕೆ ತರಗತಿ. ಅತ್ತೆ ಕಟ್ಟೆಯ ಮೇಲೆ ಫೋನನ್ನು ತಂಬಿಗೆಗೆ ಒರಗಿಸಿಟ್ಟು, ತಲೆಮೇಲೆ ಸೆರಗು ಹೊದ್ದು ಕೂರುತ್ತಿದ್ದರು. ನಾನು ಹುಕ್ಕೇರಿಯಿಂದ ಸೇರಿಕೊಳ್ಳುತ್ತಿದ್ದೆ. ಮೊದಲು ಹಾಜರಿ. “ಕೀನ್ಯಾ!” ಎಂದರೆ “ಹಾಜರ್ರಿ!” ಎಂದು ಅಲ್ಲಿಂದ ಬರಬೇಕು. “ಜರ್ಮನಿ!” “ಹಾಜರ್ರಿ!” ಪೆರುವಿನ ಪರ್ವತದ ಆಲೂಗಡ್ಡೆ ರೈತ ಮಹಿಳೆಗೆ ಆಗ ಬೆಳಗಿನ ಹೊತ್ತು. ನಾವು ದೀಪ ಹಚ್ಚುವಾಗ ಆಕೆ ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ಹಲ್ಲುಜ್ಜುತ್ತ ಬರುತ್ತಿದ್ದಳು.

“ಸಂಜೀಮುಂದ ಹಲ್ಲ ತಿಕ್ಕಾಕತ್ತಾಳಲ್ಲ ಈಕಿ! ಇಷ್ಟೊತ್ತನಕ ಏನ್ ಮಾಡ್ತಿದ್ಳಂತ ಕೇಳ!”

ಭೂಮಿ ಗುಂಡಗಿದೆ, ಅಲ್ಲಿ ಈಗ ಬೆಳಗಿನ ಹೊತ್ತು ಎಂದು ನಾನು ವಿವರಿಸಿದೆ. ಅತ್ತೆ, “ಹಂಗಾರ ಅಕಿ ಕೂಸಿಗೆ ಹಾಲ ಕಾಸೂ ಹೊತ್ತಿದು. ಮೊದ್ಲ ಅಕಿ ಪ್ರಶ್ನಿ ತಗೋ, ಲಗೂನ ಹೋಗ್ಲಿ,” ಎಂದರು. ಅಂದಿನಿಂದ ಪೆರುವಿಗೆ ಯಾವಾಗಲೂ ಮೊದಲ ಸರದಿ.

ನನ್ನ ಅನುವಾದದಲ್ಲಿ ಮಾತ್ರ ಅತ್ತೆಗೆ ನಂಬಿಕೆಯಿರಲಿಲ್ಲ. ಒಂದು ದೇಶದ ಸದಸ್ಯನೊಬ್ಬ ಹೊಲದ ಕಸಕ್ಕೆ ಬೆಂಕಿ ಹಚ್ಚಿದ ಸುದ್ದಿ ಬಂದ ದಿನ ಅತ್ತೆ ಮೂರು ನಿಮಿಷ ಉಸಿರು ತೆಗೆದುಕೊಳ್ಳದೆ ಬೈದರು. ನಾನು ಇಂಗ್ಲಿಷಿನಲ್ಲಿ, “ಅವರಿಗೆ ಬೇಸರವಾಗಿದೆ,” ಎಂದೆ.

“ನಿಲ್ಲ! ನಾ ಇಷ್ಟುದ್ದ ಬೈದ್ನಿ, ನೀ ಮೂರ ಶಬ್ದಾ ಹೇಳಿದಿ. ಉಳದದ್ದು ಎಲ್ಲಿ ಹೋತು?”

ಉಳಿದದ್ದನ್ನು ಹೇಳಿದ್ದರೆ ಇಂದು ಸಂಘದಲ್ಲಿ ಹತ್ತೇ ದೇಶಗಳಿರುತ್ತಿದ್ದವು!

ಸಂಘದ ಹೆಸರು ಹರಡಿತು. ವಿದೇಶದ ಸಂಸ್ಥೆಯೊಂದರ ಪರವಾಗಿ ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿಯೊಬ್ಬರು ಗೋಕಾಕಕ್ಕೆ ಬಂದರು, ಅಲ್ಲಿಂದ ಅತ್ತೆಯ ಕಟ್ಟೆಗೆ. ಸಂಘವನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಾರಂತೆ, ಕಚೇರಿ ಕೊಡುತ್ತಾರಂತೆ, ಪ್ರಮಾಣಪತ್ರ ಕೊಡುತ್ತಾರಂತೆ. ಒಂದೇ ಷರತ್ತು. ಓದುಬರಹ ಬಲ್ಲವರು ಸದಸ್ಯರು, ಉಳಿದವರು ಫಲಾನುಭವಿಗಳು.

“ಫಲಾನುಭವಿ ಅಂದ್ರ?”

“ಅಂದರೆ, ಯೋಜನೆಯ ಫಲ ಅನುಭವಿಸುವವರು, ಅಮ್ಮಾ.”

“ಫಲಾ ತಿನ್ನಾವ್ರು. ಮತ್ತ ಗಿಡಾ ಹಚ್ಚಿದಾವ್ರಿಗೆ ಏನಂತೀರಿ?”

ಅಧಿಕಾರಿ ತಮ್ಮ ಕಾಗದಗಳಲ್ಲಿ ಹುಡುಕಿದರು. ಅದಕ್ಕೆ ಅಲ್ಲಿ ಶಬ್ದವಿರಲಿಲ್ಲ. ಅತ್ತೆ ಅವರಿಗೆ ಎರಡು ತುಂಡು ಕರದಂಟು ಕೊಟ್ಟು, ಚಹಾ ಕುಡಿಸಿ, “ನಿಮ್ಮ ಸಂಸ್ಥಾ ನಮ್ಮ ಸಂಘಕ್ಕ ಸೇರಬೇಕಂದ್ರ ಮೂರ ತಿಂಗಳ ಗೊಬ್ಬರಾ ಮಾಡಬೇಕರಿ ಸಾಹೇಬ್ರ,” ಎಂದು ಕೈಮುಗಿದು ಕಳಿಸಿಕೊಟ್ಟರು. ಸಂಸ್ಥೆಯಿಂದ ಮತ್ತೆ ಪತ್ರ ಬರಲಿಲ್ಲ. ಆದರೆ ಮೂರು ತಿಂಗಳ ಮೇಲೆ ನನ್ನ ಫೋನಿಗೆ ಒಂದು ಫೋಟೋ ಬಂತು. ಇಸ್ತ್ರಿ ಅಂಗಿಯ ತೋಳು ಮಡಚಿದ, ಉಗುರಿನಲ್ಲಿ ಕರಿಮಣ್ಣು ತುಂಬಿದ ಎರಡು ಕೈಗಳು. “ಪಾಸ!” ಎಂದರು ಅತ್ತೆ.

ಹೀಗೆ ನಗುತ್ತ ನಡೆದಿದ್ದ ಸಂಘ ಒಂದು ಮಳೆಗಾಲದಲ್ಲಿ ನಿಂತೇ ಹೋಗುವುದರಲ್ಲಿತ್ತು.

ಆ ವರ್ಷ ಘಟ್ಟದಲ್ಲಿ ಮಳೆ ನಿಲ್ಲಲಿಲ್ಲ. ಡ್ಯಾಮಿನಿಂದ ನೀರು ಬಿಟ್ಟರು, ಘಟಪ್ರಭೆ ದಂಡೆ ಮೀರಿತು. ಮಾವ ಕುರಿಗಳನ್ನು ಹೊಡೆದುಕೊಂಡು ಏರಿಯ ಮೇಲೆ ಹೋದರು, ಅತ್ತೆ ಊರವರೊಂದಿಗೆ ಶಾಲೆಯ ಕೋಣೆಗೆ ಹೋದರು. ಕುರಿ ಉಳಿದವು, ಮನೆಯ ಗೋಡೆ ಉಳಿಯಿತು. ನೀರು ಇಳಿದ ಮೇಲೆ ನೋಡಿದರೆ ಹೊಲವಿರಲಿಲ್ಲ. ಎರಡು ಎಕರೆಯ ತುಂಬ ಬೂದು ಬಣ್ಣದ ಮರಳು. ಇಪ್ಪತ್ತು ವರ್ಷ ಗೊಬ್ಬರ ಹಾಕಿ ಕಪ್ಪಗೆ ಮಾಡಿದ್ದ ಮಣ್ಣು ಅದರ ಕೆಳಗೆಲ್ಲೋ ಇತ್ತು.

ನಾನು ಹುಕ್ಕೇರಿಯಿಂದ ಹೋದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಬೈಯಲಿಲ್ಲ. ಅವರು ಬೈಯದಿರುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಯಿತು.

“ನಾಳಿಗೆ ಇಡ್ರಿ, ನಾಳಿಗೆ ಇಡ್ರಿ ಅಂತ ಊರಿಗೆಲ್ಲಾ ಹೇಳಿದ್ನಿ,” ಎಂದರು. “ನಾ ಇಟ್ಟದ್ದು ಹೊಳಿ ಮುಚ್ಚಿ ಹೋತು. ಇನ್ನ ಯಾವ ಬಾಯಿಲೆ ಅವರಿಗೆ ಕಲಿಸಲಿ? ಸಂಘ ಮುಚ್ಚೇವಿ ಅಂತ ಹೇಳಿಬಿಡವಾ.”

ಮಾವನ ಕಡೆ ನೋಡಿದೆ. ಮಾತಾಡದ ಮಾವ ಬಾಯಿ ತೆರೆದರು. “ಇದ್ದದ್ದು ಇದ್ದಂಗ ಹೇಳ. ಮುಚ್ಚೇವಿ ಅಂತ ಈಗ ಬ್ಯಾಡ,” ಎಂದು ಎದ್ದು ಹೋದರು.

ಸದಸ್ಯರಿಗೆಲ್ಲ ಹಾಗೆಯೇ ಬರೆದು ಕಳಿಸಿದೆ. ಹೊಲದ ತುಂಬ ಮರಳು ಬಿದ್ದಿದೆ, ಅತ್ತೆ ಇನ್ನು ಕಲಿಸುವುದಿಲ್ಲ ಎನ್ನುತ್ತಿದ್ದಾರೆ. ಸಮಾಧಾನದ ಮಾತುಗಳು ರಾಶಿ ಬಂದವು. ಅತ್ತೆ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಮರುದಿನ ಬಾಂಗ್ಲಾದೇಶದಿಂದ ಕರೆ ಬಂತು. ದೊಡ್ಡ ನದಿಯೊಂದರ ದಂಡೆಯಲ್ಲಿರುವ, ಅತ್ತೆಯ ವಯಸ್ಸಿನ ಹೆಣ್ಣುಮಗಳು. ಎರಡು ವರ್ಷದಿಂದ ಸದಸ್ಯೆ, ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. ಅವಳು ಹೇಳಿದ್ದನ್ನು ಅವಳ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಸಮಾಧಾನದ ಮಾತು ಒಂದೂ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ.

“ಮರಳು ಎಷ್ಟು ಆಳ ಇದೆ? ಗೇಣೋ, ಮೊಣಕೈವರೆಗೋ?”

ಅತ್ತೆಗೆ ಗೊತ್ತಿರಲಿಲ್ಲ. ಅಳೆದಿರಲಿಲ್ಲ! ಗುರುವಿಗೇ ಉತ್ತರ ಗೊತ್ತಿಲ್ಲದ್ದಕ್ಕೆ ಅವರಿಗೆ ನಾಚಿಕೆಯಾಯಿತೆಂದು ಕಾಣುತ್ತದೆ, ಸೀರೆ ಎತ್ತಿ ಕಟ್ಟಿ ಹೊಲಕ್ಕೆ ಇಳಿದರು. ಅಲ್ಲಲ್ಲಿ ಕೂತು, ಮರಳನ್ನು ಬಗೆದು, ತೋಳನ್ನೇ ಇಳಿಸಿ ನೋಡಿದರು. ಮೊಣಕೈವರೆಗೆ ಒದ್ದೆ ಮರಳು ಮೆತ್ತಿಕೊಂಡು ಬಂದು ಹೇಳಿದರು: “ಎಲ್ಲಾ ಕಡೆ ಮೊಣಕೈತನಕ ಐತಿ. ಅದರ ಬುಡಕ ನನ್ನ ಮಣ್ಣ ಸಿಕ್ತು. ಇನ್ನೂ ಕರ‍್ರಗ ಐತಿ ಅಂತ ಹೇಳ ಅಕಿಗೆ.”

ಆಮೇಲೆ ಆ ಹೆಣ್ಣುಮಗಳು ಕಲಿಸಿದಳು, ಅತ್ತೆ ಕಲಿತರು. ಅವಳ ಹೊಲದ ಮೇಲೆ ನಾಲ್ಕಾರು ಸಲ ನದಿ ಮರಳು ಹೊದಿಸಿ ಹೋಗಿತ್ತಂತೆ. ಮರಳನ್ನು ಪೂರ್ತಿ ತೆಗೆಯಲು ಹೋಗಬೇಡ, ಸೋತುಹೋಗುತ್ತೀಯ. ಮರಳಿನಲ್ಲೇ ಕುಣಿ ತೋಡು, ಪ್ರತಿ ಕುಣಿಗೂ ಗೊಬ್ಬರ ತುಂಬು, ಕುಂಬಳದ ಬೀಜ ಊರು. ಬಳ್ಳಿ ಮರಳಿನ ಮೇಲೆ ಹರಿಯಲಿ, ಬೇರು ಗೊಬ್ಬರದಲ್ಲಿರಲಿ. ನಡುನಡುವೆ ಅತ್ತೆ ಮಗುವಿನ ಹಾಗೆ ಕೇಳುತ್ತಿದ್ದರು. ಕುಣಿ ಎಷ್ಟ ಅಗಲ? ನೀರ ಎಷ್ಟ ದಿನಕ್ಕೊಮ್ಮೆ? ಈ ಸಲ ನಾನು ಒಂದು ಶಬ್ದವನ್ನೂ ಬಿಡದೆ ಅನುವಾದ ಮಾಡಿದೆ.

ಅತ್ತೆಯ ಗುಂಡಿಯ ಗೊಬ್ಬರ ಹೊಳೆಗೆ ಹೋಗಿತ್ತು. ಮೂಡಲಗಿಯ ದರ್ಜಿಯವರು ಅಲ್ಲಿಯ ಸದಸ್ಯರ ಹಿತ್ತಲುಗಳಿಂದ ಕೂಡಿಸಿ ಒಂದು ಟ್ರ್ಯಾಕ್ಟರ್ ಗೊಬ್ಬರ ತಂದರು. ಹುಕ್ಕೇರಿಯ ಸದಸ್ಯರೊಂದಿಗೆ ನಾನು ಎರಡನೆಯದನ್ನು ತಂದೆ. ಕುಣಿ ತೋಡಲು ಅರ್ಧ ಊರೇ ಬಂತು. ಚಳಿಗಾಲ ಮುಗಿಯುವಷ್ಟರಲ್ಲಿ ಆ ಬೂದು ಮರಳಿನ ಮೇಲೆ ಹಳದಿ ಹೂ, ಹೂವಿನ ಹಿಂದೆ ಮುಷ್ಟಿಯಷ್ಟು ಕಾಯಿ, ಆಮೇಲೆ ಎರಡು ಕೈಯಲ್ಲೂ ಎತ್ತಲಾರದ ಕುಂಬಳ! ಸಂಘ ಮುಚ್ಚಲಿಲ್ಲ. ಗುರುವಾರದ ತರಗತಿಯಲ್ಲಿ ಈಗ ಒಂದು ವಾರ ಅತ್ತೆ ಕಲಿಸುತ್ತಾರೆ, ಮುಂದಿನ ವಾರ ಬೇರೆ ದೇಶದವರೊಬ್ಬರು ಕಲಿಸುತ್ತಾರೆ, ಅತ್ತೆ ಕೂತು ಕೇಳುತ್ತಾರೆ. ಕೇಳುವಾಗಲೂ ಬೈಯುತ್ತಾರೆ, ಆದರೆ ಮೆಲ್ಲಗೆ.

ಮೊದಲ ಕುಂಬಳ ಕೊಯ್ದ ದಿನ ನಾನು ಅಲ್ಲೇ ಇದ್ದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಬಾಂಗ್ಲಾದೇಶಕ್ಕೆ ಫೋನು ಹಚ್ಚಿಸಿದರು. ಆ ಕಡೆಯ ಹೆಣ್ಣುಮಗಳು ಕಾಯಿಯನ್ನು ಹೊರಳಿಸಿ ತೋರಿಸಲು ಹೇಳಿ, ಎಲ್ಲ ಬದಿಯಿಂದ ನೋಡಿದಳು. ಆಮೇಲೆ ಮಗಳ ಮೂಲಕ ಕೇಳಿದಳು: “ನಾವೆಲ್ಲ ನಿಮ್ಮನ್ನು ಅತ್ತಿ ಅನ್ನುತ್ತೇವೆ. ಅದು ಅಪ್ಪನ ಅಕ್ಕನಿಗೆ ಹೇಳುವ ಮಾತಂತೆ, ಈಗ ಗೊತ್ತಾಯಿತು. ನಿಮ್ಮ ಹೆಸರೇನು?”

ನಾನು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು. ಮದುವೆಯಾಗಿ ಬಂದ ದಿನದಿಂದ ಅವರು ಸೊಸೆ, ವೈನಿ, ಅವ್ವ, ಅತ್ತಿ, ಅಕ್ಕಾರ. ರೇಶನ್ ಕಾರ್ಡಿನವರನ್ನು ಬಿಟ್ಟರೆ ಹೆಸರು ಕೇಳಿದವರು ಯಾರು? ಅವರ ಮುಖ ಕೆಂಪೇರಿತು. ಸೆರಗು ಸರಿಮಾಡಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದು, ತಮ್ಮ ಹೆಸರನ್ನು ತಾವೇ ಹೇಳಿದರು. ಆ ಕಡೆಯಿಂದ ಅದೇ ಹೆಸರು, ತುಸು ಬೇರೆ ರಾಗದಲ್ಲಿ, ಎರಡು ಸಲ ಮರಳಿ ಬಂತು. ಆಮೇಲೆ ಆ ಹೆಣ್ಣುಮಗಳು ತನ್ನ ಹೆಸರು ಹೇಳಿದಳು.

ಆ ಎರಡು ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ಅವರಿಬ್ಬರವು. ಆ ಮಧ್ಯಾಹ್ನವೆಲ್ಲ ಅತ್ತೆ ಬಳ್ಳಿಗಳ ನಡುವೆ ಓಡಾಡುತ್ತ, ದೂರದ ಆ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ಕಲಿಯುತ್ತಿದ್ದರು.