ಅರ್ಧ ವಂಶವಾಹಿ ಮಲ್ಲಪ್ಪನವರದು

ವಿಜ್ಞಾನವನ್ನು ತರಗತಿಯೊಳಗೆ ಎಷ್ಟು ಬೇಕಾದರೂ ಕಲಿಸಬಹುದು, ಅಪಾಯವಿಲ್ಲ. ಪರೀಕ್ಷೆ ಮುಗಿದ ಸಂಜೆಗೆ ಮಕ್ಕಳು ಎಲ್ಲವನ್ನೂ ಮರೆತು ನಮ್ಮನ್ನು ಕಾಪಾಡುತ್ತಾರೆ. ನೆರೆಮನೆಯವರಿಗೆ ಮಾತ್ರ ಕಲಿಸಬಾರದು. ಅವರು ನೆನಪಿಟ್ಟುಕೊಳ್ಳುತ್ತಾರೆ. ರಬಕವಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನದ ಮಾಸ್ತರನಾಗಿದ್ದ ಮೇಲೆ ನನಗೆ ಈ ಜ್ಞಾನೋದಯ ಮಾಡಿಸಿದವರು ಪಕ್ಕದ ಮನೆಯ ಮಲ್ಲಪ್ಪನವರು.

ಅವರ ಮನೆಯಲ್ಲಿ ನಾಲ್ಕು ಪವರ್‌ಲೂಮುಗಳಿದ್ದವು, ಒಂದು ದೊಡ್ಡ ಟಿ.ವಿ. ಇತ್ತು, ಅದಕ್ಕೆ ಕೇಬಲ್ ಇತ್ತು. ನಮ್ಮ ಟಿ.ವಿ.ಗೆ ಅಂಟೆನಾ ಇತ್ತು, ಅದರ ಮೇಲೆ ಕಾಗೆ ಇರುತ್ತಿತ್ತು. ಆದ್ದರಿಂದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು, ಹೆಂಡತಿ ಗಿರಿಜಾ ಅಲ್ಲಿಗೇ ಹೋಗುತ್ತಿದ್ದೆವು. ಆಗ ಹಿಂದಿಯಲ್ಲಿ ಒಂದು ವಿಜ್ಞಾನದ ಧಾರಾವಾಹಿ ಬರುತ್ತಿತ್ತು. ಒಂದು ಕಂಪನಿ ಗಾಜಿನ ಪಾತ್ರೆಯಲ್ಲಿ ಹೆಣ್ಣುಮಗುವನ್ನು ತಯಾರಿಸಿ, ಕತ್ತಿನ ಹಿಂದೆ ಮುದ್ರೆ ಒತ್ತಿರುತ್ತದೆ. ಆ ಮಗುವನ್ನು ಯಾರೋ ಕದ್ದೊಯ್ದು ಇನ್ನೊಂದು ಗ್ರಹದ ದೋಣಿಯವಳ ಮನೆಯಲ್ಲಿ ಬಿಡುತ್ತಾರೆ. ಅವಳು ಸಾಕಿ ಬೆಳೆಸಿದ ಮೇಲೆ ಕಂಪನಿಯವರು ರಾಕೆಟ್ಟಿನಲ್ಲಿ ಬಂದು, ‘ನಮ್ಮ ಮಾಲು ನಮಗೆ ಕೊಡಿ’ ಎನ್ನುತ್ತಾರೆ. ನನಗೆ ಹಿಂದಿ ಅಷ್ಟಕ್ಕಷ್ಟೆ. ಸೀರೆ ವ್ಯಾಪಾರಕ್ಕೆಂದು ಊರೂರು ತಿರುಗಿದ ಮಲ್ಲಪ್ಪನವರಿಗೆ ಅದು ನೀರು ಕುಡಿದಂತೆ. ಅವರು ಮಾತು ಬಿಡಿಸಿ ಹೇಳುತ್ತಿದ್ದರು, ನಾನು ವಿಜ್ಞಾನ ಬಿಡಿಸಿ ಹೇಳುತ್ತಿದ್ದೆ.

ಮೊದಲ ದಿನ ನಾನು ‘ಜೀನು’ ಎಂದದ್ದೇ ತಪ್ಪಾಯಿತು. ಅವರಿಗೆ ಗೊತ್ತಿದ್ದ ಜೀನು ಕುದುರೆಯ ಬೆನ್ನಿಗೆ ಬಿಗಿಯುವಂಥದು. “ಹುಡುಗಿ ಒಬ್ಬರದು, ಜೀನು ಒಬ್ಬರದು ಅಂದ್ರ ಹೆಂಗರೀ ಮಾಸ್ತರ? ಕುದುರಿ ಮ್ಯಾಲೆ ಹತ್ತಿ ಕೂಡೋರು ಯಾರು?” ಎಂದರು. ಅಂದಿನಿಂದ ‘ವಂಶವಾಹಿ’ ಎಂದೇ ಹೇಳತೊಡಗಿದೆ. ಮಗುವಿಗೆ ಅರ್ಧ ವಂಶವಾಹಿ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆಂದು ಸೀರೆಯ ಹಾಸು ಹೊಕ್ಕುಗಳ ಉದಾಹರಣೆ ಕೊಟ್ಟು ವಿವರಿಸಿದೆ. ಅಷ್ಟು ಚೆನ್ನಾಗಿ ನಾನು ಶಾಲೆಯಲ್ಲೂ ಎಂದೂ ಪಾಠ ಮಾಡಿರಲಿಲ್ಲ.

ಆದರೆ ಅವರು ಕಂಪನಿಯ ಪಕ್ಷ. ಅವರೇ ಕೂತು ಬರೆದ ನವಿಲಿನ ಸೆರಗಿನ ಡಿಸೈನನ್ನು ಬನಹಟ್ಟಿಯ ಯಾರೋ ಎಂಟೇ ದಿನದಲ್ಲಿ ನಕಲು ಮಾಡಿದ್ದ ಸಿಟ್ಟು ಇನ್ನೂ ಆರಿರಲಿಲ್ಲ. “ಡಿಸೈನ್ ಯಾರದೈತೋ ಮಾಲೂ ಅವರದಽ!” ಎಂದು ಗುಡುಗುತ್ತಿದ್ದರು. “ಸಾಕಿದಾಕಿನೇ ತಾಯಿ, ಅಕಿ ಮಗಳು,” ಎಂದು ನಾನು. ಜಾಹೀರಾತು ಬಂದಾಗ ನಾವಿಬ್ಬರೂ ಎದ್ದು ನಿಂತು ವಾದಿಸುತ್ತಿದ್ದೆವು.

ಇಷ್ಟರಲ್ಲಿ ನಮ್ಮ ಮುಧೋಳದ ಹೆಣ್ಣುನಾಯಿ ಮಿಂಚು ನಾಲ್ಕು ಮರಿ ಹಾಕಿತು. ಮಲ್ಲಪ್ಪನವರ ಮನೆಯಲ್ಲೂ ಮುಧೋಳದ ಗಂಡಿತ್ತು, ಹೆಸರು ರಾಜಾ. ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಮರುದಿನವೇ ಮಲ್ಲಪ್ಪನವರು ಪೇಢೆ ಹಿಡಿದು ಬಂದರು.

“ನನ್ನೆರಡು ಮರಿ ಯಾವಾಗ ಒಯ್ಯಲಿ?”

“ಎರಡರೀ? ಗಂಡುನಾಯಿ ಮನಿಯವರಿಗೆ ಒಂದು ಮರಿ ಕೊಡೂದು ಪದ್ಧತಿ.”

“ಅರ್ಧಾ ವಂಶವಾಹಿ ಅಪ್ಪಂದು ಅಂದಾವ್ರು ನೀವಽ. ನಾಲ್ಕರಾಗ ಅರ್ಧಾ ಎಷ್ಟರೀ ಮಾಸ್ತರ?”

ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ನಾನು ಆಗಲೇ ಮೂರು ಮರಿಗಳನ್ನು ಮೂವರಿಗೆ ಕೊಡುವೆನೆಂದು ಮಾತು ಕೊಟ್ಟಿದ್ದೆ. ಅದರಲ್ಲೊಬ್ಬರು ನಮ್ಮ ಹೆಡ್‌ಮಾಸ್ತರರು. ಮಾತಿಗೆ ಮಾತು ಬೆಳೆಯಿತು. ಮಲ್ಲಪ್ಪನವರು ಪೇಢೆಯ ಡಬ್ಬಿ ಅಲ್ಲೇ ಬಿಟ್ಟು, ಮಾತು ಬಿಟ್ಟು ಹೋದರು. ನಾಲ್ಕು ಭಾನುವಾರ ನಾವು ಆ ಮನೆ ತುಳಿಯಲಿಲ್ಲ. ಧಾರಾವಾಹಿಯಲ್ಲಿ ಆ ಹುಡುಗಿಯ ಮೊಕದ್ದಮೆ ಕೋರ್ಟಿಗೆ ಬಂದಿತ್ತು; ನಾನು ಗೋಡೆಯಾಚೆಯಿಂದ ತೂರಿ ಬರುವ ಹಿಂದಿಗೆ ಕಿವಿಗೊಟ್ಟು, ಒಂದು ಪದವೂ ತಿಳಿಯದೆ ಒದ್ದಾಡುತ್ತಿದ್ದೆ. ಅತ್ತ ಮಲ್ಲಪ್ಪನವರಿಗೂ ಕೋರ್ಟಿನಲ್ಲಿ ತೋರಿಸಿದ ರಕ್ತಪರೀಕ್ಷೆ ಅರ್ಥವಾಗದೆ ತಲೆ ಕೆಟ್ಟಿದೆಯೆಂದು ಅವರ ಮನೆಯಾಕೆ ಗಿರಿಜಾಳ ಹತ್ತಿರ ಹೇಳಿಕೊಂಡರಂತೆ.

ಐದನೆಯ ಭಾನುವಾರ ಬೆಳಿಗ್ಗೆ ಅವರೇ ಬಂದರು. “ನನ್ನ ಮಾಲು ನಾನಽ ಆರಿಸ್ಕೋತೇನಿ,” ಎಂದು ಒಂದು ಮರಿಯನ್ನೆತ್ತಿ ಹಿಡಿದರು. ಅದರ ಬಾಲ ಮೆಲ್ಲಗೆ ಮೇಲೆದ್ದು, ಚಕ್ಕುಲಿಯಂತೆ ಸುತ್ತಿಕೊಂಡಿತು. ಇನ್ನೊಂದನ್ನು ಎತ್ತಿದರು. ಅದೂ ಚಕ್ಕುಲಿ. ಮುಧೋಳದ ನಾಯಿಯ ಬಾಲ ಬಾರುಕೋಲಿನ ಹಾಗೆ ಇಳಿದಿರಬೇಕು. ಗಿರಿಜಾ ಓಣಿಯ ಮೂಲೆಯ ಚಹಾ ಹೋಟೆಲಿನ ಕಡೆ ಬೆರಳು ತೋರಿಸಿದಳು. ಅಲ್ಲಿ, ಬೂದಿಯ ಗುಂಡಿಯಲ್ಲಿ, ಹರಕು ಕಿವಿಯ ಬೀದಿನಾಯಿಯೊಂದು ಚಕ್ಕುಲಿ ಬಾಲ ಹೊತ್ತು ಆರಾಮಾಗಿ ಮಲಗಿತ್ತು.

ಮಲ್ಲಪ್ಪನವರು ಮರಿಯನ್ನು ಮೆತ್ತಗೆ ಕೆಳಗಿಟ್ಟರು. “ಏನಽ ಅನ್ರಿ, ಹೆತ್ತು ಸಾಕಿದವರದಽ ಮರಿ. ನಾಲ್ಕೂ ನಿಮ್ಮವ.”

“ಅದ್ಹೆಂಗರೀ?” ಎಂದೆ ನಾನು. “ಡಿಸೈನ್ ಯಾರದೈತೋ ಮಾಲೂ ಅವರದಽ. ಹೋಟೆಲಿನವರಿಗೆ ಕೊಟ್ಟು ಬರೋಣ.”

“ಅಯ್ಯ ಶಿವನ! ಇಬ್ಬರೂ ವಕೀಲರು ಪಕ್ಷಾ ಬದಲಿ ಮಾಡಿದ್ರಲ್ರೀ!” ಎಂದು ಗಿರಿಜಾ ಸೆರಗು ಬಾಯಿಗಿಟ್ಟು ನಗತೊಡಗಿದಳು. ಮೊದಲು ಮಲ್ಲಪ್ಪನವರ ಹೊಟ್ಟೆ ಕುಲುಕಿತು, ಆಮೇಲೆ ನನ್ನದು. ಅಂಗಳದಲ್ಲಿ ಕಣ್ಣೀರು ಬರುವಷ್ಟು ನಕ್ಕೆವು. “ಏಳ್ರಿ ಮಾಸ್ತರ, ಮಧ್ಯಾಹ್ನ ಕಡೀ ಕಂತು ಐತಿ. ನೀವಿಲ್ದ ಒಂದೂ ತಿಳಿಯವಲ್ದು,” ಎಂದರು ಮಲ್ಲಪ್ಪನವರು.

ಕಡೆಯ ಕಂತಿನಲ್ಲಿ ನ್ಯಾಯಾಧೀಶರು ಹುಡುಗಿಯನ್ನೇ ಕೇಳಿದರು, ನೀನು ಯಾರವಳು ಎಂದು. ಇಷ್ಟು ವಾರ ವಾದಿಸಿದ ನಮಗಾರಿಗೂ ಅವಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ. “ನಾ ನನ್ನಾಕಿ ಅಂದ್ಲರೀ,” ಎಂದು ಮಲ್ಲಪ್ಪನವರು ಟವೆಲಿನಿಂದ ಕಣ್ಣೊತ್ತಿಕೊಳ್ಳುತ್ತ ಕನ್ನಡಿಸಿದರು. ನಾನೂ ಕಣ್ಣೊರೆಸಿಕೊಂಡೆ.

ಮೂರು ಮರಿಗಳನ್ನು ಹಿಪ್ಪರಗಿಯ ಕಬ್ಬಿನ ತೋಟದವರು ಕಾವಲಿಗೆಂದು ಸಂತೋಷದಿಂದ ಒಯ್ದರು. ಹೆಡ್‌ಮಾಸ್ತರರು ಬಾಲ ನೋಡಿ, ತಮಗೆ ನಾಯಿಯ ಕೂದಲು ಆಗಿಬರುವುದಿಲ್ಲವೆಂದರು; ನಾನು ಮಾತು ಕೊಟ್ಟಿದ್ದ ಉಳಿದಿಬ್ಬರೂ ಜಾರಿಕೊಂಡರು. ನಾಲ್ಕನೆಯದು ನಮ್ಮಲ್ಲೇ ಉಳಿಯಿತು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಲ್ಲಪ್ಪನವರು ಚಿಂದಿಯಾದ ನೂಲಿನ ಮುದ್ದೆ ಹಿಡಿದು ಬಾಗಿಲಿಗೆ ಬಂದರು. “ನೋಡ್ರೀ, ನಿಮ್ಮ ನಾಯಿ ಮಾಡಿದ ಕೆಲಸಾ!”

“ನಮ್ಮ ನಾಯಿ ಅಂದ್ರ?” ಎಂದೆ ಗಂಭೀರವಾಗಿ. “ಕೋರ್ಟಿನ್ಯಾಗ ಆ ಹುಡುಗಿ ಏನಂದ್ಲು ಮರತ್ರೇನು? ಯಾವ ಜೀವಕ್ಕೂ ಮಾಲಕ ಅಂತ ಇರೂದಿಲ್ರೀ. ಅದು ತನ್ನದು ತಾನು.”

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆ ಮರಿ ಒಳಗಿನಿಂದ ಓಡಿ ಬಂದು, ಬಾಯಿಂದ ಒಂದು ಮೊಳ ಕೆಂಪು ನೂಲು ಇಳಿಬಿಟ್ಟುಕೊಂಡು, ನನ್ನ ಪಾದದ ಮೇಲೆಯೇ ಕುಳಿತು ಮಲ್ಲಪ್ಪನವರನ್ನು ನೋಡಿ ಗುರ್ರೆಂದಿತು. ಕೆಳಗೆ ನೋಡುವ ಧೈರ್ಯ ನನಗಾಗಲಿಲ್ಲ.