ಅಜ್ಜಿಯ ಹಾಸಿಗೆ, ನನ್ನ ಕಾರಭಾರ

ಮಾವನ ದುಡ್ಡಿನಲ್ಲಿ ಓದಬೇಕೆನ್ನುವವನಿಗೆ ಇರುವಷ್ಟು ವಿದ್ಯಾಭಕ್ತಿ ಇನ್ನಾರಿಗೂ ಇರುವುದಿಲ್ಲ. ಇಳಕಲ್ಲಿನ ಸಾಲೆಯಲ್ಲಿ ಮಾಸ್ತರನಾಗಿದ್ದ ನನಗೂ ಒಮ್ಮೆ ಆ ಭಕ್ತಿ ಉಕ್ಕಿ ಬಂತು. ಪುಣೆಯಲ್ಲಿ ದೊಡ್ಡ ದವಾಖಾನೆಗಳ ಕಾರಭಾರ ನೋಡಿಕೊಳ್ಳುವ ವಿದ್ಯೆಯನ್ನೇ ಬೇರೆಯಾಗಿ ಕಲಿಸುತ್ತಾರೆಂದು ಬಾಗಲಕೋಟೆಯ ಗೆಳೆಯನೊಬ್ಬ ಹೇಳಿದ್ದ. ಔಷಧ ಕೊಡುವ ಗೋಜಿಲ್ಲ, ಗಾಯ ತೊಳೆಯುವ ಕಷ್ಟವಿಲ್ಲ. ಯಾರು ಯಾವಾಗ ಒಳಗೆ ಬರಬೇಕು, ಯಾರು ಹೊರಗೆ ಕೂರಬೇಕು ಎಂದು ಕುರ್ಚಿಯ ಮೇಲೆ ಕುಳಿತು ಹೇಳಿದರಾಯಿತು. ರಕ್ತ ಕಂಡರೆ ತಲೆ ಸುತ್ತುವ, ಆದರೆ ನಾಲ್ಕು ಜನಕ್ಕೆ ಬುದ್ಧಿ ಹೇಳದಿದ್ದರೆ ಊಟ ಸೇರದ ನನ್ನಂಥವನಿಗೆಂದೇ ದೇವರು ಆ ವಿದ್ಯೆಯನ್ನು ಹುಟ್ಟಿಸಿದ್ದಾನೆ ಅನ್ನಿಸಿತು.

ನನ್ನ ಮಾವ ಸೀರೆಯ ವ್ಯಾಪಾರಿ. ಅವರಿಗೆ ಜಗತ್ತಿನ ಎಲ್ಲ ಲೆಕ್ಕವೂ ಸೀರೆಯಲ್ಲೇ. ನಮ್ಮ ಮದುವೆಯ ಊಟಕ್ಕೆ ಎಷ್ಟು ಸೀರೆ ಕರಗಿದವೆಂದು ಅವರು ಈಗಲೂ ಬೀಗರ ಮುಂದೆ ಹೇಳುವುದುಂಟು. ನಾನು ಪುಣೆಯ ಫೀಜು, ಖೋಲಿಯ ಬಾಡಿಗೆ, ಖಾನಾವಳಿ, ರೈಲಿನ ಖರ್ಚು ಎಲ್ಲವನ್ನೂ ವಿನಯದಿಂದ ಅವರ ಮುಂದಿಟ್ಟೆ.

“ಅಳಿಯಂದ್ರ, ಎರಡು ವರ್ಷಕ್ಕ ಒಂದು ಬಂಡಿ ಸೀರಿ ಹೊಕ್ಕಾವ. ಹೊಳ್ಳಿ ಬರೂದು ಎಷ್ಟ್ರಿ?” ಎಂದರು.

“ಮಾಸ್ತರಿಕಿಗಿಂತ ದುಪ್ಪಟ್ಟು ಪಗಾರ ಬರತೈತ್ರಿ, ಮಾವಾರ.”

“ನೌಕರಿ ಸಿಕ್ಕರ.”

“ಸಿಕ್ಕೇ ಸಿಗತೈತ್ರಿ.”

“ಸೆರಗೇನೋ ಭಾಳ ಚೆಂದ ತೋರಸ್ಲಿಕ್ಕತ್ತೀರಿ. ಮೈ ಸೀರಿ ಇನ್ನೂ ಮಗ್ಗದ ಮ್ಯಾಲೆ ಬಂದಿಲ್ಲ” ಎಂದು ಮಾವ ಸೀರೆಯ ಗಂಟು ಕಟ್ಟುವುದರಲ್ಲಿ ತೊಡಗಿದರು. ನಮ್ಮೂರಲ್ಲಿ ಸೆರಗಿನ ಉದ್ದೆಳೆಗಳನ್ನು ಬೇರೆಯಾಗಿ ಮಾಡಿ, ಮೈ ಸೀರೆಯ ಉದ್ದೆಳೆಗಳಿಗೆ ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಬರೀ ಸೆರಗನ್ನು ಉಟ್ಟುಕೊಂಡವರಿಲ್ಲ. ನನಗೆ ಸಿಟ್ಟು ಬಂತು. ಆದರೆ ದುಡ್ಡು ಕೊಡುವವರ ಮೇಲೆ ಸಿಟ್ಟಾಗುವುದನ್ನು ಯಾವ ಸಾಲೆಯಲ್ಲೂ ಕಲಿಸಿಲ್ಲ.

ಅಷ್ಟರಲ್ಲಿ ಮಾವನ ತಾಯಿ, ನಾವೆಲ್ಲ ಅಜ್ಜಿ ಎನ್ನುವವರು, ಜ್ವರ ಬಂದು ಮಲಗಿದರು. ಮಾವನಿಗೆ ಉಪಾಯ ಹೊಳೆಯಿತು.

“ಹೆಂಗೂ ಸಾಲಿ ಸೂಟಿ ಐತಿ. ನಮ್ಮ ಮನೀನ ದವಾಖಾನಿ ಅಂತ ತಿಳ್ಕೊರಿ, ಕಾರಭಾರ ಮಾಡಿ ತೋರಸ್ರಿ. ಚಲೋ ಆತಂದ್ರ ಪುಣಾಕ್ಕ ಕಳಸ್ತೇನಿ.”

ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಓಣಿಯೆಲ್ಲ ಮಾತಾಡಿಸಲು ಬರುತ್ತದೆ. ಬಂದವರು ನಿಂಬೆಹಣ್ಣು ತರುತ್ತಾರೆ, ಹಾಸಿಗೆಯ ಮೇಲೇ ಕೂರುತ್ತಾರೆ, ಇದೇ ಜ್ವರದಲ್ಲಿ ತೀರಿಕೊಂಡ ತಮ್ಮ ಬಂಧುಗಳ ಕಥೆ ಹೇಳಿ ಧೈರ್ಯ ತುಂಬುತ್ತಾರೆ. ಅವರಿಗೆ ಅವಲಕ್ಕಿ, ಎಲೆ-ಅಡಿಕೆ ಆಗಲೇಬೇಕು. ದವಾಖಾನೆಯಲ್ಲಿ ಇದೆಲ್ಲ ನಡೆದೀತೆ? ಹಳೆಯ ಪಂಚಾಂಗವನ್ನು ಹರಿದು ಚೀಟಿ ಮಾಡಿ ಓಣಿಗೆಲ್ಲ ಹಂಚಿದೆ. ಚೀಟಿಯಲ್ಲಿ ಬರೆದ ಹೊತ್ತಿಗೆ ಬಂದವರಿಗೆ ಮಾತ್ರ ಪ್ರವೇಶ, ಅದೂ ಇಬ್ಬಿಬ್ಬರಿಗೆ. ನಾನೇ ಬಾಗಿಲಲ್ಲಿ ಕುಳಿತೆ. ಸೀರೆಯ ನೂಲಿಗೆ ಬಣ್ಣ ಹಾಕುವ ಹುಸೇನಸಾಬ, ಅಜ್ಜಿಯ ಕೈತುತ್ತು ತಿಂದು ಬೆಳೆದವನು, ಬಣ್ಣದ ಕೈಯಲ್ಲಿ ಓಡಿ ಬಂದ. ಅವನ ಹೊತ್ತು ಮೀರಿತ್ತು. “ನಾಳೆ ಬರ್ರಿ” ಎಂದೆ. ಅವನು ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದ. ಮರುದಿನ ಅವನೂ ಬರಲಿಲ್ಲ, ಓಣಿಯೂ ಬರಲಿಲ್ಲ.

ಮನೆ ತಣ್ಣಗಾಯಿತು. ಅವಲಕ್ಕಿ ಡಬ್ಬಿ ತುಂಬಿದ್ದುದನ್ನು ಕಂಡ ಮಾವ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದರು. ನಾನು ಮನಸ್ಸಿನಲ್ಲೇ ಪುಣೆಯ ರೈಲು ಹತ್ತಿಬಿಟ್ಟೆ. ಆದರೆ ಅಜ್ಜಿ ಗಂಜಿ ಬಿಟ್ಟು ಗೋಡೆಯ ಕಡೆ ಮುಖ ಮಾಡಿದ್ದರು. ಜ್ವರ ಏರಿತೇನೋ ಎಂದು ಮಾವ ಗಾಬರಿಯಿಂದ ಹಣೆ ಮುಟ್ಟಿದಾಗ ಎದ್ದು ಕುಳಿತರು.

“ಈ ಓಣ್ಯಾಗ ಯಾರು ಹಾಸಿಗಿ ಹಿಡದ್ರೂ ನಾ ಹೋಗಿ ಕುಂತೇನಿ. ಈಗ ನಂದೊಂದು ಪಾಳಿ ಬಂದೈತಿ. ಮಾಸ್ತರು ಬಾಗ್ಲಾ ಕಾಯಾಕ ಕುಂತಾರ. ನಾ ಸತ್ತೇನಂತ ತಿಳದ್ರೋ, ಬದುಕೇನಂತ ತಿಳದ್ರೋ ಮಂದಿ?”

ಅಜ್ಜಿ ಮಗನ ಕಡೆ ತಿರುಗಿದರು. “ಇವ್ರನ್ನ ಪುಣಾಕ್ಕ ಕಳಸಬ್ಯಾಡ. ಕಲೀಲಾರದನ ಇಷ್ಟು ಮಾಡ್ಯಾರ. ಕಲತು ಬಂದ್ರ ಹೆಣಾ ನೋಡಾಕೂ ಚೀಟಿ ಕೇಳ್ತಾರ.”

ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಬಾಗಿಲು ತೆರೆಯಿತು, ಅವಲಕ್ಕಿ ಖಾಲಿಯಾಯಿತು, ಅಜ್ಜಿ ಗಂಜಿ ಕುಡಿದರು.

ಮಳೆಗಾಲದಲ್ಲಿ ನನಗೇ ಜ್ವರ ಬಂತು. ಅದೇ ಓಣಿಯ ನನ್ನ ಮನೆಯಲ್ಲಿ ದಿನವೆಲ್ಲ ಮಲಗಿ ಮಗ್ಗಗಳ ಸಪ್ಪಳ ಕೇಳಿದೆ. ಒಬ್ಬರೂ ಬರಲಿಲ್ಲ. ಹೆಂಡತಿ ಗಿರಿಜಾ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, “ಚೀಟಿ ಕೇಳ್ತೀರಿ ಅಂತ ಮಂದಿ ಅಂಜ್ಯಾರ್ರಿ” ಎಂದಳು. ನನಗೆ ಅಳು ಬಂತು. ಜ್ವರದಿಂದ ಕಣ್ಣು ಉರಿಯುತ್ತಿದೆ ಎಂದು ಹೇಳಿದೆ.

ಸಂಜೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅಜ್ಜಿ ಬಂದಿದ್ದರು, ಅವರ ಹಿಂದೆ ಇಡೀ ಓಣಿ. ಎಲ್ಲರೂ ನುಗ್ಗಿ ನನ್ನ ಹಾಸಿಗೆಯ ಮೇಲೆ ಕುಳಿತರು. ಹುಸೇನಸಾಬ ಮಾತ್ರ ಹೊಸ್ತಿಲಲ್ಲೇ ನಿಂತು, ರುಮಾಲಿನ ಮಡಿಕೆಯಿಂದ ಪಂಚಾಂಗದ ತುಂಡೊಂದನ್ನು ತೆಗೆದ.

“ಅವತ್ತಿನ ಚೀಟಿ ಐತ್ರಿ ಮಾಸ್ತರ, ಹಂಗ ಉಳದೈತಿ. ಇವತ್ತು ನಡೀತೈತೇನ್ರಿ?”

“ನಡೀತೈತಿ, ಒಳಗ ಬರ್ರಿ” ಎಂದೆ. ಅವನು ಬಂದು ಕಾಲ ಬಳಿ ಕುಳಿತು, ಇದೇ ಜ್ವರದಲ್ಲಿ ತೀರಿಕೊಂಡ ತನ್ನ ಚಿಕ್ಕಪ್ಪನ ಕಥೆ ಶುರುಮಾಡಿದ. ರಾತ್ರಿಯ ಊಟದ ಹೊತ್ತಿಗೆ ನನಗೆ ಬೆವರು ಬಿಟ್ಟು ಜ್ವರ ಇಳಿಯಿತು. ನನ್ನ ಚೀಟಿಯಿಂದ ಗುಣವಾದ ರೋಗಿ ಇವತ್ತಿನವರೆಗೂ ನಾನೊಬ್ಬನೇ.