ದೆವ್ವಕ್ಕೆ ನಾನು ಗಂಟಲು ಕೊಟ್ಟದ್ದು

ಜನರನ್ನು ನಗಿಸುವುದು ಬಹಳ ಕಷ್ಟವೆಂದು ಹೇಳುವವರು ಒಮ್ಮೆಯೂ ಅವರನ್ನು ಹೆದರಿಸಲು ಪ್ರಯತ್ನಪಟ್ಟವರಲ್ಲ. ನಗಿಸಲು ಹೋಗಿ ಸೋತರೆ ಜನ ಸುಮ್ಮನೆ ಕೂತಿರುತ್ತಾರೆ, ಅಷ್ಟೆ. ಹೆದರಿಸಲು ಹೋಗಿ ಸೋತರೆ ನಗುತ್ತಾರೆ. ಇದನ್ನು ನಾನು ಭದ್ರಾವತಿಯಲ್ಲಿ, ಕಾರ್ಖಾನೆಯ ಹತ್ತಿರದ ಬಯಲಿನಲ್ಲಿ ಹಾಕಿದ್ದ ಬಯಸ್ಕೋಪಿನ ಡೇರೆಯೊಳಗೆ, ಕೈಯಲ್ಲಿ ಬೆತ್ತ ಹಿಡಿದು ನಿಂತು ಕಲಿತೆ.

ಸಿನಿಮಾ ಇನ್ನೂ ಮಾತು ಕಲಿಯದಿದ್ದ ಕಾಲ ಅದು. ಪರದೆಯ ಮೇಲಿನವರು ಬಾಯಿ ಆಡಿಸುತ್ತಿದ್ದರು. ಅವರು ಏನೆಂದರೆಂಬುದು ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು. ಅದನ್ನು ಓದಿ, ಕನ್ನಡದಲ್ಲಿ ಕೂಗಿ ಹೇಳುವುದಕ್ಕೆ ಡೇರೆಯಲ್ಲಿ ಒಬ್ಬ ಮನುಷ್ಯ ಬೇಕಾಗುತ್ತಿತ್ತು. ನಾನು ಶಿವಮೊಗ್ಗದಲ್ಲಿ ಇಂಗ್ಲಿಷ್ ಮೇಷ್ಟ್ರು. ಬೇಸಗೆ ರಜಕ್ಕೆ ಹೆಂಡತಿ ಜಯಮ್ಮನ ಜೊತೆ ರೈಲು ಹತ್ತಿ, ಕಾರ್ಖಾನೆಯ ಕಚೇರಿಯಲ್ಲಿದ್ದ ಅವಳ ಅಣ್ಣನ ಮನೆಗೆ ಬಂದಿದ್ದೆ. ಹೆಂಡತಿಯ ತೌರಿನ ಕಡೆಯವರ ಮನೆಯಲ್ಲಿ ಗಂಡಸಿಗೆ ಉಣ್ಣುವುದು, ಮಲಗುವುದು ಬಿಟ್ಟು ಬೇರೆ ಉದ್ಯೋಗವಿರುವುದಿಲ್ಲ. ಎರಡನ್ನೂ ಶ್ರದ್ಧೆಯಿಂದ ಮಾಡಿಕೊಂಡು ನಾನು ಸುಖವಾಗಿದ್ದೆ. ಅಷ್ಟರಲ್ಲಿ ಡೇರೆಯ ಮಾಲೀಕರಾದ ಹುಸೇನ್ ಸಾಹೇಬರು ಒಂದು ಮಧ್ಯಾಹ್ನ ಬಾಗಿಲಿಗೆ ಬಂದು ಕೈಮುಗಿದರು.

"ಮೇಷ್ಟ್ರೇ, ನಮ್ಮ ಕಥೆ ಹೇಳೋನು ಚಳಿಜ್ವರ ಬಂದು ಮಲಗಿಬಿಟ್ಟಿದ್ದಾನೆ. ಬೊಂಬಾಯಿಂದ ಹೊಸಾ ದೆವ್ವದ ಪಿಚ್ಚರ್ ತರಿಸಿದ್ದೀನಿ. ಅಲ್ಲಿ ನೋಡಿದವರು ಬೇಹೋಶ್ ಆಗಿ ಬಿದ್ರಂತೆ. ಇಲ್ಲಿ ಜನ ಹೆದರಲಿಲ್ಲ ಅಂದ್ರೆ ಎಲ್ಲರೂ ಆಚೆ ಬಯಲಿನ ನಾಟಕಕ್ಕೆ ಹೋಗ್ತಾರೆ. ನಾನು ಡೇರೆ ಬಿಚ್ಚಿಕೊಂಡು ಹೋಗ್ಬೇಕಷ್ಟೆ. ನೀವೇ ಸ್ವಲ್ಪ ಹೆದರಿಸಿಕೊಡ್ಬೇಕು."

ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಒಳಗಿನಿಂದ ಜಯಮ್ಮ, "ಅವರು ಯೋಚನೆ ಮಾಡೋದೇನೂ ಇಲ್ಲ ಸಾಹೇಬ್ರೇ. ಎಲ್ಲಾದರೂ ಮಾತಾಡೋಕೆ ಕರೆದ್ರೆ ಚಪ್ಪಲಿ ಮೆಟ್ಟೋದನ್ನೂ ಮರೆತು ಹೊರಡ್ತಾರೆ" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡೇ ಹೊರಟೆ.

ಸಾಹೇಬರು ಮೊದಲೇ ಹೇಳಿಕೊಟ್ಟ ಕಥೆ ದೊಡ್ಡದೇನಲ್ಲ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಹಳೆಯ ಬಂಗಲೆಗೆ ಬರುತ್ತಾಳೆ. ಗಂಡ ಯಾವುದೋ ಕೆಲಸಕ್ಕೆಂದು ಹೊರಟುಹೋಗುತ್ತಾನೆ. ನಡುಮನೆಯಲ್ಲಿ ಒಂದು ತೂಗುಮಂಚ, ಅದರಾಚೆ ಒಂದು ಮುಚ್ಚಿದ ಬಾಗಿಲು. ತೂಗುಮಂಚ ತಾನಾಗಿ ತೂಗತೊಡಗುತ್ತದೆ. ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಬಿಳಿ ಸೀರೆಯುಟ್ಟ ಆಕೃತಿಯೊಂದು ಹೊರಗೆ ಬರುತ್ತದೆ. ಇದಿಷ್ಟನ್ನು ಇದ್ದ ಹಾಗೆಯೇ ಬಿಡುವುದು ಅನ್ಯಾಯವೆಂದು ನನಗೆ ಕಂಡಿತು. ಪರದೆಗೆ ಬೆನ್ನು, ಜನಕ್ಕೆ ಮುಖ ಮಾಡಿ ನಿಂತೆ. ಅಕ್ಷರ ಮೂಡಿದಾಗ ಮಾತ್ರ ತಿರುಗಿ ಓದುವುದು; ಉಳಿದ ಹೊತ್ತೆಲ್ಲ ಉಪನ್ಯಾಸ.

"ಮಹಾಜನಗಳೇ, ಇಗೋ ನೋಡಿ! ತೂಗುಮಂಚ ತಾನೇ ತಾನಾಗಿ ತೂಗುತ್ತಿದೆ! ಅದರ ಮೇಲೆ ಯಾರೂ ಇಲ್ಲ! ಎಂಥ ಭಯಂಕರ! ಎಂಥ ರೋಮಾಂಚಕಾರಿ!"

ಮುಂದುಗಡೆ ಮರಳಿನ ಮೇಲೆ ಕೂತಿದ್ದ ಮುನಿಸ್ವಾಮಿ ಕಾರ್ಖಾನೆಯ ಕುಲುಮೆಯ ಹತ್ತಿರ ಕೆಲಸ ಮಾಡುವವನು. ಅವನು ಗಟ್ಟಿಯಾಗಿ, "ಗಾಳಿ ಸಾಮಿ, ಕಿಟಕಿ ತೆಗೆದೈತೆ ನೋಡಿ" ಎಂದ. ಡೇರೆ ನಕ್ಕಿತು. ಆಕೃತಿ ಹೊರಬಂದಾಗ ನಾನು "ಅಸ್ಥಿಪಂಜರದಂಥ ಪಿಶಾಚಿ!" ಎಂದು ಕೂಗಿದೆ. ಹೆಂಗಸರು ಕೂತಿದ್ದ ಕಡೆಯಿಂದ ಯಾರೋ, "ಅಯ್ಯೋ ಪಾಪ, ಹೊಟ್ಟೆಗಿಲ್ಲ ಅಂತ ಕಾಣ್ತದೆ ಮಾರಾಯ್ತಿ" ಎಂದರು. ಆಮೇಲೆ ಎದ್ದ ನಗೆಯಲ್ಲಿ ಜಯಮ್ಮನ ನಗೆಯನ್ನು ನಾನು ಸ್ಪಷ್ಟವಾಗಿ ಗುರುತಿಸಿದೆ. ಮದುವೆಯಾದವರಿಗೆ ಆ ಶಕ್ತಿ ತಾನಾಗಿ ಬರುತ್ತದೆ.

ಮರುದಿನ ಹಟ ಬಂತು. ಹಾರ್ಮೋನಿಯಂ ನುಡಿಸುವ ಗೋವಿಂದಪ್ಪನಿಗೆ, "ನಾನು ಕೂಗಿದ ಕೂಡಲೇ ಪೆಟ್ಟಿಗೆಯ ಕಪ್ಪು ಬಿಳಿ ಮನೆಗಳನ್ನೆಲ್ಲ ಒಟ್ಟಿಗೆ ಒತ್ತಿಬಿಡಪ್ಪ" ಎಂದು ಹೇಳಿಕೊಟ್ಟೆ. ಬೆತ್ತದಿಂದ ಮೇಜು ಬಡಿದೆ. ನರಿಯ ಹಾಗೆ ಊಳಿಟ್ಟೆ. ಒಟ್ಟಿನಲ್ಲಿ ಒಂದು ಹಸುಗೂಸು ಹೆದರಿ ಕಿರುಚಿಕೊಂಡಿತು. ಅದರ ತಾಯಿ ಎದ್ದು ನಿಂತು, "ದೆವ್ವ ಬರ್ಲಿ ಪರವಾಗಿಲ್ಲ, ನೀವು ಸ್ವಲ್ಪ ಸುಮ್ನಿರ್ತೀರಾ?" ಎಂದು ನನ್ನನ್ನೇ ಕೇಳಿದಳು. ಆಟ ಮುಗಿದ ಮೇಲೆ ಹುಸೇನ್ ಸಾಹೇಬರು ಡೇರೆಯ ಗೂಟಗಳನ್ನು ಒಂದೊಂದಾಗಿ ಕಾಲಿನಿಂದ ಅಲುಗಿಸಿ ನೋಡುತ್ತಿದ್ದರು. ಕಿತ್ತರೆ ಬರುತ್ತವೆಯೇ ಎಂದು ನೋಡುವ ಹಾಗಿತ್ತು. ಅವರು ಒಳ್ಳೆಯ ಮನುಷ್ಯ. ನನ್ನನ್ನು ನಂಬಿದ್ದೊಂದೇ ಅವರು ಮಾಡಿದ ತಪ್ಪು.

ಮಾರನೆಯ ಬೆಳಿಗ್ಗೆ ಎದ್ದು "ಕಾಫಿ" ಎಂದೆ. ಬಾಯಿಂದ ಗಾಳಿ ಮಾತ್ರ ಬಂತು. ಜಯಮ್ಮ ಮೆಣಸಿನ ಕಷಾಯ ಕೊಟ್ಟಳು, ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿದಳು. ಗಂಟಲು ಜಪ್ಪಯ್ಯ ಎನ್ನಲಿಲ್ಲ. ಸಂಜೆ ಹೋಗಿ ಕೈಸನ್ನೆಯಲ್ಲಿ ತಿಳಿಸಿದೆ. ಸಾಹೇಬರು ಹಣೆ ಹಣೆ ಬಡಿದುಕೊಂಡು, "ಟಿಕೀಟು ಕೊಟ್ಟಾಗಿದೆ, ಏನು ಮಾಡೋದು? ನೀವು ಸುಮ್ನೆ ನಿಂತಾದ್ರೂ ಇರಿ. ಅಲ್ಲಾ ಇದ್ದಾನೆ" ಎಂದರು.

ದೀಪ ಆರಿತು. ಕೂಗುವುದಕ್ಕೇನೂ ಇಲ್ಲದ್ದರಿಂದ ನಾನು ಮೊದಲ ಸಲ ಜನಕ್ಕೆ ಬೆನ್ನು ಮಾಡಿ ಪರದೆಯ ಕಡೆ ತಿರುಗಿದೆ. ನನ್ನ ಕೂಗಿಗೆ ಕಾದು ಕೂತ ಗೋವಿಂದಪ್ಪ ಹಾರ್ಮೋನಿಯಂ ಮುಟ್ಟಲೇ ಇಲ್ಲ. ಹಿಂದುಗಡೆ ಯಂತ್ರ ತಿರುಗುವ ಕಿರಕಿರ ಸದ್ದೊಂದೇ. ಹುಡುಗಿ ದೀಪ ಹಿಡಿದು ನಡುಮನೆಗೆ ಬಂದಳು. ಸುತ್ತ ನೋಡಿದಳು. ತೂಗುಮಂಚ ಅಲ್ಲಾಡಿದ್ದನ್ನು ಅವಳು ನೋಡಲಿಲ್ಲ, ನಾವು ನೋಡಿದೆವು. ಅದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ, "ಕಿಟಕಿ ಮುಚ್ಚೈತಲ್ಲಾ" ಎಂದು ಪಿಸುಗುಟ್ಟಿದರು. "ಸುಮ್ನಿರು ಮಾರಾಯ" ಎಂದ ಮುನಿಸ್ವಾಮಿ. ಅವನ ದನಿಯಲ್ಲಿ ಹಿಂದಿನ ದಿನಗಳ ಗತ್ತು ಇರಲಿಲ್ಲ. ಹುಡುಗಿ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟಳು. ಇಡೀ ಡೇರೆಯೇ ಕಿವಿಗೊಟ್ಟಿತು. ನಾನು ಬೆತ್ತವನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಎರಡು ದಿನ ಬಾಯಲ್ಲಿ ವರ್ಣಿಸಿದ ಬಾಗಿಲನ್ನು ನಾನು ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು.

ಬಾಗಿಲು ತೆರೆಯಿತು. ನಾನು ಕಿರುಚಿದೆ. ಕಿರುಚಿದೆ ಎಂದು ನಾನು ತಿಳಿದೆ. ಹೊರಬಂದದ್ದು ಗಾಳಿಯೂ ಅಲ್ಲದ, ದನಿಯೂ ಅಲ್ಲದ, ಹಳೆಯ ಕೀಲು ತಿರುಗಿದಂಥ ಒಂದು ಸದ್ದು. ಕತ್ತಲೆಯಲ್ಲಿ ಅದು ಯಾರ ಬಾಯಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಬೆಂಚುಗಳು ಉರುಳಿದವು. ಹೆಂಗಸರು ದೇವರ ಹೆಸರು ಹೇಳತೊಡಗಿದರು. ಮುನಿಸ್ವಾಮಿ "ಅಯ್ಯೋ ಸಾಮೀ" ಎಂದು ಎರಡು ಕೈಯಲ್ಲೂ ನನ್ನ ಕಾಲು ತಬ್ಬಿಕೊಂಡ. ಕತ್ತಲಲ್ಲಿ ಕಾಲು ಹಿಡಿದದ್ದು ಯಾರೆಂದು ತಿಳಿಯದೆ ನಾನು ಅದೇ ಸದ್ದನ್ನು ಇನ್ನೊಮ್ಮೆ ಹೊರಡಿಸಿದೆ.

ಆಟ ಮುಗಿದು ಜನ ಗುಂಪುಗುಂಪಾಗಿ, ಒಬ್ಬರಿಗೊಬ್ಬರು ಅಂಟಿಕೊಂಡು, ಬಹಳ ಸಂತೋಷದಿಂದ ಮನೆಗೆ ಹೋದರು. ಸಾಹೇಬರು ನನ್ನನ್ನು ಅಪ್ಪಿಕೊಂಡು, "ಶಾಭಾಷ್ ಮೇಷ್ಟ್ರೇ! ದಯವಿಟ್ಟು ಗಂಟಲು ವಾಸಿ ಮಾಡ್ಕೋಬೇಡಿ. ಕಷಾಯ ಕುಡಿದ್ರೆ ನನ್ನ ಮೇಲೆ ಆಣೆ" ಎಂದರು. ಇಷ್ಟು ವರ್ಷ ಪಾಠ ಹೇಳಿದರೂ ಇಂಥ ಮೆಚ್ಚುಗೆ ನನಗೆ ಸಿಕ್ಕಿರಲಿಲ್ಲ.

ಮನೆಯ ದಾರಿಯಲ್ಲಿ ಜಯಮ್ಮ ನನ್ನ ತೋಳು ಹಿಡಿದೇ ನಡೆದಳು. ಸ್ವಲ್ಪ ದೂರ ಬಂದ ಮೇಲೆ, "ನಂಗೆ ಆ ಬಿಳಿ ಸೀರೆಯವಳಿಂದ ಭಯ ಆಗ್ಲಿಲ್ಲ. ಅವಳು ಬಂದಮೇಲೆ ಸಮಾಧಾನವೇ ಆಯ್ತು. ಆ ಮುಚ್ಚಿದ ಬಾಗಿಲು ನೋಡಿ ಜೀವ ಹಾರಿಹೋಯ್ತು. ನಿಮ್ಮ ಮನೆಗೆ ಮೊದಲ ದಿನ ಬಂದಾಗ ನಂಗೂ ಹಾಗೇ ಆಗಿತ್ತು" ಎಂದಳು.

ನಮ್ಮ ಮನೆಯಲ್ಲಿ ಎಂಥ ದೆವ್ವ ಎಂದು ಕೈಯಾಡಿಸಿ ಕೇಳಿದೆ.

"ಹೊಸ ಮನೆ, ಯಾರ ಪರಿಚಯವೂ ಇಲ್ಲ. ಮುಚ್ಚಿದ ಬಾಗಿಲಾಚೆ ಯಾರೋ ಒಬ್ರೇ ಇಂಗ್ಲಿಷಿನಲ್ಲಿ ಮಾತಾಡ್ತಾ ಇದ್ರು. ನಡುವೆ ನಗೋರು, ಮತ್ತೆ ಗದರೋರು. ನಾನು ನಡುಗ್ತಾ ನಿಮ್ಮ ಅಮ್ಮನ್ನ ಕೇಳ್ದೆ. 'ಹೆದರ್ಕೋಬೇಡ ಕಣೇ, ಅವನೇ ನಿನ್ನ ಗಂಡ' ಅಂದ್ರು. ಆಮೇಲೆ ಇನ್ನೂ ಜಾಸ್ತಿ ಹೆದರಿಕೆ ಆಯ್ತು."

ಮೇಷ್ಟ್ರಾದವನು ಪಾಠವನ್ನು ಮೊದಲೇ ಗಟ್ಟಿಯಾಗಿ ಹೇಳಿ ನೋಡಬೇಕೆಂಬುದಕ್ಕೆ ನನ್ನ ಬಳಿ ದೀರ್ಘವಾದ, ಸಮರ್ಪಕವಾದ ವಿವರಣೆಯಿತ್ತು. ಗಂಟಲು ಮಾತ್ರ ಇರಲಿಲ್ಲ.